ಬುಧವಾರದ ಬದಲಿ ಪಾಠ

ಮೊದಲೇ ಹೇಳಿಬಿಡ್ತೀನಿ, ನನ್ನ ನಾಲಿಗೆ ಸರಿಯಿಲ್ಲ. ಹನ್ನೊಂದು ವರ್ಷ ಹೆಂಗಸರ ವಾರ್ಡಿನಲ್ಲಿ ನರ್ಸ್ ಆಗಿದ್ದವಳ ಬಾಯಲ್ಲಿ ಜೇನು ಸುರಿಯಬೇಕು ಅಂದರೆ ಎಲ್ಲಿಂದ ತರೋದು? ಬೆಳಗ್ಗೆ ಏಳಕ್ಕೆ ಡ್ಯೂಟಿಗೆ ಹೋದರೆ ಮಧ್ಯಾಹ್ನದೊಳಗೆ ಹದಿನಾಲ್ಕು ಜನರನ್ನ ಹಾಸಿಗೆಯಿಂದ ವೀಲ್‌ಚೇರಿಗೆ, ವೀಲ್‌ಚೇರಿನಿಂದ ಹಾಸಿಗೆಗೆ ಎತ್ತಿ ಇಳಿಸಬೇಕು. ಎತ್ತಿ ಎತ್ತಿ ಮೂವತ್ತಾರನೇ ವಯಸ್ಸಿಗೆ ನನ್ನ ಬೆನ್ನುಮೂಳೆಯ ಕೆಳಗಿನ ಎರಡು ಮಣಿಗಳ ನಡುವಿನ ಬಿಲ್ಲೆ ಸವೆದುಹೋಯಿತು. ಮೂಳೆ ಡಾಕ್ಟರು ಸ್ಕ್ಯಾನಿನ ಹಾಳೆಯನ್ನ ಬೆಳಕಿಗೆ ಹಿಡಿದು, "ಇನ್ನೆರಡು ವರ್ಷ ಹೀಗೇ ಎತ್ತಿದ್ರೆ ಆಮೇಲೆ ನಿಮ್ಮನ್ನ ಬೇರೆಯವರು ಎತ್ತಬೇಕಾಗುತ್ತೆ, ನೋಡ್ಕೊಳ್ಳಿ" ಅಂದರು. ಆ ಮನುಷ್ಯ ಅದನ್ನ ನಗುತ್ತ ಹೇಳಿದ್ದು ಇವತ್ತಿಗೂ ನನಗೆ ಮರೆತಿಲ್ಲ.

ವಾರ್ಡಿನಿಂದ ತಪ್ಪಿಸಿಕೊಳ್ಳೋಕೆ ನನಗಿದ್ದದ್ದು ಒಂದೇ ದಾರಿ, ತರಬೇತಿ ಸಿಸ್ಟರ್ ಹುದ್ದೆ. ಹೊಸ ನರ್ಸುಗಳಿಗೆ ಪಾಠ ಹೇಳೋದು, ಹಾಜರಿ ಹಾಕೋದು, ಯಾರನ್ನೂ ಎತ್ತೋ ಹಾಗಿಲ್ಲ. ಆ ಹುದ್ದೆಗೆ ಆಸ್ಪತ್ರೆ ಸಲಕರಣೆಗಳ ವಿನ್ಯಾಸದ ಒಂದು ವರ್ಷದ ಕೋರ್ಸು ಪಾಸಾಗಿರಬೇಕು ಅಂತ ಹೊಸ ನಿಯಮ ಬಂದಿತ್ತು. ಪಾಸಾದರೆ ನನ್ನ ಬೆನ್ನು ಉಳೀತು, ಫೇಲಾದರೆ ಮತ್ತೆ ಅದೇ ವಾರ್ಡು, ಅದೇ ಹದಿನಾಲ್ಕು ಮಂಚ. ಇಷ್ಟು ತಲೆಯಲ್ಲಿಟ್ಟುಕೊಂಡು ಮುಂದಿನದು ಕೇಳಿ.

ಕ್ಲಾಸು ನಡೀತಿದ್ದದ್ದು ಕಾಲೇಜಿನ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ. ಕೆಳಗೆ ಕಬ್ಬಿಣ ಕುಯ್ಯೋ ಸದ್ದು, ಮೇಲೆ ನಮ್ಮ ಬಾಯಿ. ಒಂದೊಂದು ತಂಡಕ್ಕೆ ಒಂದು ಉದ್ದದ ಮೇಜು, ಒಂದು ಹಳೇ ಆಸ್ಪತ್ರೆ ಮಂಚ, ಗೋಡೆಯಲ್ಲಿ ಎರಡು ಪ್ಲಗ್ಗು. ಒಂದು ತಂಡದಲ್ಲಿ ಮೂರು ಜನ, ಮೂವರೂ ಬೇರೆ ಬೇರೆ ಕಸುಬಿನವರು. ನಮ್ಮ ತಂಡದಲ್ಲಿ ನರ್ಸ್ ಅಂದರೆ ನಾನು. ಬಟ್ಟೆ ವಿನ್ಯಾಸ ಓದುತ್ತಿದ್ದ ಹುಡುಗಿ ಒಬ್ಬಳು, ಗುಂಡಗೆ, ಮೈಮೇಲೆ ಯಾವಾಗಲೂ ನೂಲಿನ ಎಳೆ ಅಂಟಿಸಿಕೊಂಡೇ ಇರುತ್ತಿದ್ದಳು. ಅವಳಿಗೆ ನಾನು ದಾರದುಂಡೆ ಅಂತ ಹೆಸರಿಟ್ಟೆ, ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. ಮೂರನೆಯವನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಹುಡುಗ, ಇಪ್ಪತ್ತೊಂದು ವಯಸ್ಸು. ಜೇಬಿನಲ್ಲಿ ಸ್ಟೀಲ್ ಸ್ಕೇಲು, ಬಾಯಲ್ಲಿ ಬರೀ ಅಳತೆ. ಟೀ ಲೋಟ ಮೇಜಿನ ಅಂಚಿಗೆ ಹತ್ತಿರ ಇದ್ದರೂ "ನಲವತ್ತು ಮಿಲಿಮೀಟರ್ ಒಳಗೆ ಇಡಿ" ಅನ್ನೋ ಜಾತಿ. ಅವನಿಗೆ ಮಿಲಿಮೀಟರ್ ಅನ್ನೋದಕ್ಕಿಂತ ಒಳ್ಳೆ ಹೆಸರು ಯಾರಿಗೂ ಹೊಳೆಯುತ್ತಿರಲಿಲ್ಲ.

ಈ ಕೋರ್ಸಿನಲ್ಲಿ ಒಂದು ವಿಚಿತ್ರ ಪದ್ಧತಿ. ಬುಧವಾರ ಬುಧವಾರ ಬದಲಿ ಪಾಠ. ಅವತ್ತು ಕೋರ್ಸಿನ ಮೇಡಂ ಪಾಠ ಮಾಡೋದಿಲ್ಲ, ನಾವೇ ಒಬ್ಬರಿಗೊಬ್ಬರು ನಮ್ಮ ನಮ್ಮ ಕಸುಬು ಕಲಿಸಬೇಕು. ನನಗೆ ಜೋಡಿ ಮಿಲಿಮೀಟರ್, ದಾರದುಂಡೆಗೆ ಪಕ್ಕದ ತಂಡದವಳು. ವರ್ಷದ ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ನನ್ನ ಕಸುಬಿನ ಪ್ರಶ್ನೆ ಅವನಿಗೆ, ಅವನ ಕಸುಬಿನ ಪ್ರಶ್ನೆ ನನಗೆ. ಅವನು ಸರಿಯಾಗಿ ಉತ್ತರ ಕೊಟ್ಟರೆ ಅಂಕ ನನಗೆ ಬೀಳುತ್ತೆ, ಯಾಕೆಂದರೆ ಕಲಿಸಿದವಳು ನಾನು. ನಾನು ತಡವರಿಸಿದರೆ ಅವನ ಅಂಕ ಹೋಯಿತು. ಅಂದರೆ ನನ್ನ ಅರ್ಧ ಭವಿಷ್ಯ ಆ ಸ್ಕೇಲಿನ ಹುಡುಗನ ಬಾಯಲ್ಲಿ. ಇನ್ನರ್ಧ ಅಂಕ ನಾವು ಮೂವರೂ ಸೇರಿ ಮಾಡೋ ವಸ್ತುವಿಗೆ, ಅದರಲ್ಲೂ ಯಾವ ಭಾಗದ ನಕ್ಷೆಗೆ ಯಾರ ಸಹಿ ಇದೆಯೋ ಅದರ ತಪ್ಪು ಅವರ ತಲೆಗೆ.

ನಮಗೆ ಕೊಟ್ಟ ಕೆಲಸ, ಕೈಕಾಲು ಸ್ವಾಧೀನ ತಪ್ಪಿದ ರೋಗಿಯನ್ನ ಹಾಸಿಗೆಯಿಂದ ಕೂರಿಸೋಕೆ ಹೊಸ ಥರದ ವೀಲ್‌ಚೇರು.

ಮೊದಲನೇ ಬುಧವಾರವೇ ಶುರುವಾಯಿತು. ನಾನು ಕೈ ತೊಳೆದುಕೊಂಡು ಒಳಗೆ ಬರುತ್ತಿದ್ದೆ. ಮಿಲಿಮೀಟರ್ ಬಾಗಿಲಿಗೆ ಬೆನ್ನು ಹಾಕಿ ಕೂತು ದಾರದುಂಡೆಗೆ ಹೇಳುತ್ತಿದ್ದ, "ಆಂಟಿ ಹತ್ರ ವರ್ಷವಿಡೀ ಏನು ಕಲಿಯೋದಿದೆ? ಎತ್ತೋದು, ಇಳಿಸೋದು. ಅರ್ಧ ಗಂಟೆ ಸಾಕು."

ನನ್ನ ಮೈ ಉರಿದುಹೋಯಿತು. ಆಂಟಿ ಅಂದಿದ್ದಕ್ಕೋ ಅರ್ಧ ಗಂಟೆ ಅಂದಿದ್ದಕ್ಕೋ, ಎರಡಕ್ಕೂ ಇರಬೇಕು. ನಾನು ಮುಂದೆ ಹೋಗಿ ನಿಂತು ಹೇಳಿದೆ, "ಆಂಟಿ ಅನ್ನೋದನ್ನ ನಿಮ್ಮನೆ ಪಕ್ಕದವರಿಗೆ ಇಟ್ಕೋ. ನನ್ನನ್ನ ಸಿಸ್ಟರ್ ಅನ್ನು."

"ಸರಿ ಸಿಸ್ಟರ್" ಅಂದ. ಮುಖದಲ್ಲಿ ಒಂದು ಚೂರು ನಾಚಿಕೆ ಇಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಇವನಿಗೆ ಅರ್ಧ ಗಂಟೆಯಷ್ಟೇ ತಾನೇ ಬೇಕಾಗಿರೋದು, ಅಷ್ಟನ್ನೇ ಕೊಡ್ತೀನಿ. ನರ್ಸಿಂಗ್ ಕೈಪಿಡಿಯಲ್ಲಿ ರೋಗಿಯನ್ನ ಹಾಸಿಗೆಯಿಂದ ಕುರ್ಚಿಗೆ ಸಾಗಿಸೋಕೆ ಹನ್ನೆರಡು ಹೆಜ್ಜೆ ಬರೆದಿದೆ. ಕೈ ತೊಳೆಯುವುದು, ರೋಗಿಗೆ ತಿಳಿಸುವುದು, ಕುರ್ಚಿಯನ್ನು ಓರೆಯಾಗಿ ಇಡುವುದು, ಎರಡೂ ಬ್ರೇಕು ಹಾಕುವುದು, ಹೀಗೆ. ಪರೀಕ್ಷೆಗೆ ಬರೋ ಮುದಿ ಪರೀಕ್ಷಕರು ಕೇಳೋದೂ ಇದನ್ನೇ. ನಾನು ಅದನ್ನ ಅಕ್ಷರ ಬಿಡದ ಹಾಗೆ ಗಿಣಿಪಾಠ ಮಾಡಿಸಿದೆ. ಅದರಾಚೆ ಒಂದು ಮಾತೂ ಬಾಯಿಬಿಡಲಿಲ್ಲ. ವಾರ್ಡಿನಲ್ಲಿ ಯಾವ ನರ್ಸೂ ಆ ಹನ್ನೆರಡನ್ನ ಹಾಗೇ ಮಾಡೋದಿಲ್ಲ, ಮಾಡೋಕೆ ಆಗೋದೂ ಇಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಬೇಕು ಅಂತ ಯಾವ ನಿಯಮ ಇತ್ತು?

ಹುಡುಗ ಮಾತ್ರ ಎಲ್ಲವನ್ನೂ ಬರೆದುಕೊಂಡ. ಅದು ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ಚೌಕಟ್ಟಿನ ನೋಟ್‌ಬುಕ್ಕು, ಒಂದೊಂದು ಹೆಜ್ಜೆಗೆ ಒಂದೊಂದು ಪುಟ, ಪಕ್ಕದಲ್ಲಿ ಕಡ್ಡಿ ಮನುಷ್ಯರ ಚಿತ್ರ. "ಬ್ರೇಕು ಮೊದಲಾ, ಪಾದದ ಹಲಗೆ ಮಡಚೋದು ಮೊದಲಾ?" ಅಂತ ಕೇಳೋದು. ನಾನು "ಪುಸ್ತಕದಲ್ಲಿ ಏನಿದೆಯೋ ಅದು" ಅನ್ನೋದು. ಅವನು ತಲೆ ಆಡಿಸಿ ಬರೆದುಕೊಳ್ಳೋದು.

ಅವನ ಪಾಠವೂ ಏನು ಪ್ರೀತಿಯಿಂದ ಮಾಡಿದ್ದಲ್ಲ. ನನ್ನನ್ನ ಕೂರಿಸಿಕೊಂಡು ಬಲ, ದೂರ, ತಿರುಗುಬಲ ಅಂತ ಒಂದೇ ಉಸಿರಿಗೆ ಹೇಳಿಕೊಂಡು ಹೋದ. ಲೆಕ್ಕದಲ್ಲಿ ನಾನು ಹತ್ತನೇ ಕ್ಲಾಸಿನಿಂದಲೂ ಕೈ ಎತ್ತಿದವಳು. ಗೊತ್ತಾಗಲಿಲ್ಲ ಅಂದರೆ ಅದೇ ವಾಕ್ಯವನ್ನ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದ, ನನಗೆ ಕಿವಿ ಕೇಳಿಸೋದಿಲ್ಲವೇನೋ ಅನ್ನೋ ಹಾಗೆ. "ಕೂಗಬೇಡ, ನಾನೇನು ಕಿವುಡಿ ಅಲ್ಲ, ನಿನಗೆ ಕಲಿಸೋಕೆ ಬರೋದಿಲ್ಲ" ಅಂದೆ. ಅವನ ಕಿವಿ ಕೆಂಪಾಯಿತು. ಮುಂದಿನ ಬುಧವಾರ ನೀರು ತುಂಬಿದ ಐದು ಲೀಟರಿನ ಕ್ಯಾನು ಹಿಡಕೊಂಡು ಬಂದ. ಬಾಯಿಬಿಚ್ಚದೆ ಅದನ್ನ ನನ್ನ ಕೈಗೆ ಕೊಟ್ಟು, ಎದೆಗೆ ಅಪ್ಪಿ ಹಿಡಿಸಿದ. ಆಮೇಲೆ ಕೈ ಮುಂದೆ ಚಾಚಿ ಹಿಡಿಸಿದ. ಚಾಚಿದ ಮೂರೇ ಎಣಿಕೆಗೆ ನನ್ನ ಸೊಂಟದಲ್ಲಿ ಚಳಕ್ ಅಂತು, ಕ್ಯಾನು ಕೆಳಗಿಟ್ಟೆ.

"ಕ್ಯಾನಿನ ತೂಕ ಅದೇ ಇದೆ. ಬೆನ್ನಿಂದ ದೂರ ಜಾಸ್ತಿ ಆಯ್ತು, ಅಷ್ಟೇ" ಅಂದ. ಹಲಗೆ ಮೇಲೆ ಬೆನ್ನುಮೂಳೆ ಬರೆದು, ಐವತ್ತು ಕಿಲೋ ರೋಗಿಯನ್ನ ಬಾಗಿ ಕೈ ಚಾಚಿ ಎತ್ತಿದರೆ ಆ ಕೆಳಗಿನ ಬಿಲ್ಲೆಯ ಮೇಲೆ ಬೀಳೋ ಭಾರ ಎಷ್ಟು ಅಂತ ನನ್ನ ಕೈಲೇ ಲೆಕ್ಕ ಮಾಡಿಸಿದ. ಉತ್ತರ ನೋಡಿ ನಾನು ಚಾಕ್‌ಪೀಸು ಹಿಡಿದುಕೊಂಡೇ ನಿಂತೆ. ರೋಗಿಯ ತೂಕದ ಎಷ್ಟೋ ಪಟ್ಟು. ಹನ್ನೊಂದು ವರ್ಷದಲ್ಲಿ ಇದನ್ನ ಒಬ್ಬ ಡಾಕ್ಟರಾಗಲಿ, ಒಬ್ಬ ಮೇಟ್ರನ್ ಆಗಲಿ ನನಗೆ ಹೇಳಿರಲಿಲ್ಲ.

ಸಂಜೆ ಮನೆಯಲ್ಲಿ ಇದನ್ನ ನಮ್ಮನೆಯವರಿಗೆ ಹೇಳಿದೆ. ಅವರು ಮುದ್ರಣಾಲಯದಲ್ಲಿ ಯಂತ್ರ ನಡೆಸೋರು, ದಿನಾ ಬೆಳಗ್ಗೆ ನನ್ನ ಸೊಂಟದ ಪಟ್ಟಿ ಬಿಗಿಯೋದು ಅವರದೇ ಕೆಲಸ. ಉಗುರಿನ ಮಸಿ ಉಜ್ಜಿಕೊಳ್ಳುತ್ತ ಪೂರ್ತಿ ಕೇಳಿದರು. "ಹಾಗಾದ್ರೆ ಆ ಹುಡುಗ ನಿನಗೆ ಉಪಕಾರಾನೇ ಮಾಡಿದಾನಲ್ಲ" ಅಂದರು.

"ಉಪಕಾರ ಅಲ್ಲ, ಅವನ ಅಂಕಕ್ಕೆ ಮಾಡಿದಾನೆ" ಅಂದೆ.

"ಅಂಕಕ್ಕೋ ಗಿಂಕಕ್ಕೋ, ನಿನಗೆ ಅರ್ಥ ಆಯ್ತು ತಾನೇ?"

ಒಳಗಿನಿಂದ ಅತ್ತೆ, "ಅವಳಿಗೆ ಯಾರಾದ್ರೂ ಒಳ್ಳೇದು ಮಾಡಿದ್ರೆ ಅವತ್ತು ಊಟ ಸೇರಲ್ಲ, ಬಿಡು" ಅಂದರು. ಅತ್ತೆ ಹಾಗೆಲ್ಲ ಸುಮ್ಮನೆ ಮಾತಾಡೋರಲ್ಲ. ನಾನು ಪಾತ್ರೆ ಕುಕ್ಕಿ ಇಟ್ಟೆ.

ನಾಲ್ಕನೇ ತಿಂಗಳು ನಮ್ಮನ್ನ ಒಂದು ದಿನ ವಾರ್ಡಿಗೆ ಕಳಿಸಿದರು. ನನ್ನದೇ ವಾರ್ಡು. ಮಿಲಿಮೀಟರ್ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಎರಡು ಗಂಟೆ ನೋಡಿದ. ನಡುವೆ ಎದ್ದು ನನ್ನ ಹತ್ತಿರ ಬಂದ.

"ಸಿಸ್ಟರ್, ರೋಗೀನ ಕೂರಿಸುವಾಗ ಎಲ್ಲರೂ ಒಂದು ಪಾದಾನ ಕುರ್ಚಿಯ ಮುಂದಿನ ಚಿಕ್ಕ ಚಕ್ರದ ಹಿಂದೆ ತೂರಿಸ್ತಾರಲ್ಲ. ಅದು ಹನ್ನೆರಡರಲ್ಲಿ ಇಲ್ಲ. ಯಾಕೆ ಹಾಗೆ ಮಾಡ್ತಾರೆ?"

ಅವನ ಕಣ್ಣಿಗೆ ಅದು ಬಿದ್ದಿತ್ತು. ಹೊಸ ನರ್ಸುಗಳಿಗೇ ಆರು ತಿಂಗಳಾದರೂ ಕಾಣದೇ ಇರೋದು ಇವನಿಗೆ ಎರಡು ಗಂಟೆಯಲ್ಲಿ ಕಂಡಿತ್ತು. ಅವತ್ತು ನಾನು ಎರಡು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ಅರ್ಧ ಗಂಟೆಯ ಮಾತು ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಇನ್ನೂ ಇತ್ತು.

"ಅದು ತಪ್ಪು. ಬ್ರೇಕ್ ಹಾಕೋಕೆ ಸೋಮಾರಿತನ, ಅದಕ್ಕೆ ಕಾಲು ಕೊಡ್ತಾರೆ. ನೀನು ಅದನ್ನೆಲ್ಲ ನೋಡಬೇಡ, ನಾನು ಹೇಳಿಕೊಟ್ಟಿದ್ದನ್ನ ಕಲಿ" ಅಂದೆ.

"ಸರಿ ಸಿಸ್ಟರ್" ಅಂದ. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ.

ಕುರ್ಚಿ ನಿಧಾನಕ್ಕೆ ರೂಪಕ್ಕೆ ಬಂತು. ಸೀಟು ಮುಂದಕ್ಕೆ ಓಲುತ್ತಿತ್ತು, ದಾರದುಂಡೆ ಹೊಲಿದ ಪಟ್ಟಿ ರೋಗಿಯ ತೊಡೆ ಕೆಳಗಿನಿಂದ ಬಂದು ಆಸರೆ ಕೊಡುತ್ತಿತ್ತು. ಐದಾರು ಸಲ ಪ್ರಯೋಗ ಮಾಡಿದೆವು, ದಾರದುಂಡೆಯೇ ರೋಗಿ, ನಾನೇ ನರ್ಸು. ಎಲ್ಲ ಸಲೀಸಾಗಿ ಆಯಿತು. ಪ್ರತಿ ಸಲವೂ ನನ್ನ ಬಲಪಾದ ಚಕ್ರದ ಹಿಂದೆ ತಾನಾಗಿಯೇ ಹೋಗುತ್ತಿತ್ತು ಅನ್ನೋದು ಯಾರಿಗೂ ಗೊತ್ತಾಗಲಿಲ್ಲ, ನನಗೂ ಸಹ.

ಪರೀಕ್ಷೆಗೆ ಹತ್ತು ದಿನ ಇರುವಾಗ ಮಿಲಿಮೀಟರ್ ಕೊನೆಯ ನಕ್ಷೆ ತಂದು ಮೇಜಿನ ಮೇಲೆ ಹರಡಿದ. ಚಿಕ್ಕ ಚಕ್ರಗಳ ಸುತ್ತ ಹೊಸದಾಗಿ ಒಂದು ತಗಡಿನ ಮರೆ ಬರೆದಿದ್ದ, ನೆಲಕ್ಕೆ ಎರಡು ಬೆರಳು ಬಿಟ್ಟು ಪೂರ್ತಿ ಮುಚ್ಚೋ ಹಾಗೆ. ಕೆಳಗೆ ಅವನ ಸಹಿ. ದಾರದುಂಡೆ, "ಹೊದಿಕೆ ಚಕ್ರಕ್ಕೆ ಸಿಕ್ಕೋದು ತಪ್ಪುತ್ತೆ, ಒಳ್ಳೇದಾಯ್ತು" ಅಂದಳು. ನನಗೆ ಕಂಡ ತಕ್ಷಣ ತಲೆಗೆ ಬಂದದ್ದು ಒಂದೇ, ಕಾಲು ಎಲ್ಲಿ ಇಡೋದು?

ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಸಿಸ್ಟರ್, ನಿನ್ನೆ ಮಾದರಿ ಪರೀಕ್ಷೇಲಿ ನೀವು ಮೂರನೇ ಲೆಕ್ಕ ತಪ್ಪು ಮಾಡಿದ್ರಿ. ನನ್ನ ನಾಲ್ಕು ಅಂಕ ಹೋಯ್ತು. ಇನ್ನೊಂದ್ಸಲ ಕೂತು ಓದಿ, ಪ್ಲೀಸ್" ಅಂದ. ಎಲ್ಲರ ಎದುರಿಗೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ತೆರೆದ ಬಾಯನ್ನ ಹಾಗೇ ಮುಚ್ಚಿದೆ. ನಿನ್ನ ನಕ್ಷೆ, ನಿನ್ನ ಸಹಿ, ನೀನುಂಟು ನಿನ್ನ ತಗಡುಂಟು ಅಂದುಕೊಂಡೆ. ಪರೀಕ್ಷೆಯ ದಿನ ನಾನು ಹುಷಾರಾಗಿ ಬ್ರೇಕು ಹಾಕಿಬಿಟ್ಟರೆ ಮುಗೀತು, ನನಗೇನೂ ತೊಂದರೆ ಇಲ್ಲ ಅನ್ನೋ ಲೆಕ್ಕವನ್ನೂ ಹಾಕಿದೆ. ಆ ಲೆಕ್ಕ ಮಾತ್ರ ತಪ್ಪಿಲ್ಲದೆ ಹಾಕಿದೆ ಅಂತ ಭಾವಿಸಿದ್ದೆ.

ಪರೀಕ್ಷೆಗೆ ಇಬ್ಬರು ಬಂದಿದ್ದರು. ಒಬ್ಬರು ದಪ್ಪ ಕನ್ನಡಕದ ಇಂಜಿನಿಯರಿಂಗ್ ಪ್ರೊಫೆಸರು. ಇನ್ನೊಬ್ಬರು ನಿವೃತ್ತ ಮೇಟ್ರನ್, ಎಪ್ಪತ್ತರ ಹತ್ತಿರದ ಹೆಂಗಸು, ಬೆರಳುಗಳ ಗೆಣ್ಣು ಊದಿಕೊಂಡಿತ್ತು. ತಗಡಿನ ಮರೆಯನ್ನ ಅವತ್ತು ಬೆಳಗ್ಗೆಯಷ್ಟೇ ಕೆಳಗಿನ ವರ್ಕ್‌ಶಾಪಿನಲ್ಲಿ ತಿರುಪು ಹಾಕಿ ಕೂರಿಸಿದ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ದಾರದುಂಡೆ ಮಂಚದ ಮೇಲೆ ಮಲಗಿದಳು, ಒಂದು ಕೈ ಒಂದು ಕಾಲು ಸ್ವಾಧೀನ ಇಲ್ಲದವಳ ಹಾಗೆ. ನಾನು ಕೈ ತೊಳೆದೆ, ಅವಳಿಗೆ ಹೇಳಿದೆ, ಕುರ್ಚಿ ಓರೆಯಾಗಿ ಇಟ್ಟೆ, ಬಗ್ಗಿ ಎರಡೂ ಬ್ರೇಕು ಹಾಕಿದೆ. ಎಲ್ಲ ಕೈಪಿಡಿಯ ಪ್ರಕಾರ. ಅವಳನ್ನ ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿದಾಗ ಕುರ್ಚಿ ಒಂದು ಗೇಣು ದೂರ ಅನ್ನಿಸಿತು. ಯಾವ ನರ್ಸಾದರೂ ಮಾಡೋದನ್ನೇ ಮಾಡಿದೆ, ರೋಗಿಯನ್ನ ಹಿಡಕೊಂಡೇ ಎರಡೂ ಬ್ರೇಕನ್ನ ಪಾದದಿಂದ ತಟ್ಟಿ ಬಿಚ್ಚಿ, ಮೊಣಕಾಲಿನಿಂದ ಕುರ್ಚಿಯನ್ನ ಹತ್ತಿರಕ್ಕೆ ಎಳಕೊಂಡೆ. ಮತ್ತೆ ಬಗ್ಗಿ ಬ್ರೇಕು ಹಾಕೋದು ವಾರ್ಡಿನಲ್ಲಿ ಯಾರ ಕೈಲೂ ಆಗೋದಿಲ್ಲ, ರೋಗಿಯನ್ನ ಬಿಟ್ಟು ಬಗ್ಗೋದು ಹೇಗೆ? ಅವಳ ಕಂಕುಳ ಕೆಳಗೆ ಕೈ ಹಾಕಿ ಎತ್ತಿದೆ, ತಿರುಗಿಸಿದೆ. ನನ್ನ ಮುಖ ಅವಳ ಹೆಗಲ ಮೇಲೆ, ಹಿಂದೆ ಏನೂ ಕಾಣೋದಿಲ್ಲ. ಬಲಪಾದ ಚಕ್ರದ ಹಿಂದಕ್ಕೆ ಹೋಯಿತು. ತಗಡಿಗೆ ಬಡಿದು ನಿಂತಿತು.

ಕುರ್ಚಿ ಸದ್ದಿಲ್ಲದೆ ಹಿಂದಕ್ಕೆ ಜಾರಿತು. ಅವಳ ತೂಕ ನನ್ನ ಚಾಚಿದ ಕೈಗೆ ಬಂತು. ಸೊಂಟದಿಂದ ಹಿಮ್ಮಡಿಯ ತನಕ ಬೆಂಕಿ ಇಳಿದ ಹಾಗಾಯಿತು, ಕೈ ಬಿಟ್ಟೆ. ದಾರದುಂಡೆ ನೆಲಕ್ಕೆ ಕುಕ್ಕರಿಸಿದಳು. ನಾನು ಅವಳ ಪಕ್ಕದಲ್ಲಿ ಮಂಡಿಯೂರಿ ಬಿದ್ದೆ. ಅವಳಿಗೆ ಪೆಟ್ಟೇನೂ ಆಗಿರಲಿಲ್ಲ. ನಿಜವಾದ ರೋಗಿಯಾಗಿದ್ದರೆ ತೊಡೆಯ ಮೂಳೆ ಮುರಿದಿರುತ್ತಿತ್ತು.

ಮೇಡಂ ನೀರು ತಂದರು. ಹತ್ತು ನಿಮಿಷದ ಮೇಲೆ ಮೌಖಿಕ ಶುರುವಾಯಿತು. ನನಗೆ ಕೂರೋಕೆ ಆಗುತ್ತಿರಲಿಲ್ಲ, ಗೋಡೆಗೆ ಒರಗಿ ನಿಂತೆ. ಪ್ರೊಫೆಸರು ಮೊದಲು ನನ್ನನ್ನ ತಿರುಗುಬಲದ ಬಗ್ಗೆ ಕೇಳಿದರು. ನಾನು ಹೇಳಿದೆ, ಲೆಕ್ಕ ಬಿಡಿಸಿದೆ, ಅದೇ ಮೂರನೇ ಲೆಕ್ಕವನ್ನೂ ಸರಿಯಾಗಿ ಬಿಡಿಸಿದೆ. ಮಿಲಿಮೀಟರ್ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಆಮೇಲೆ ಮೇಟ್ರನ್ ಅವನನ್ನ ಕೇಳಿದರು. ಅವನು ಎದ್ದು ನಿಂತು ಹನ್ನೆರಡೂ ಹೆಜ್ಜೆ ಹೇಳಿದ. ಒಂದು ಪದ ಆಚೀಚೆ ಇಲ್ಲ. ಪ್ರತಿಯೊಂದಕ್ಕೂ ಯಾಕೆ ಅಂತ ಕೇಳಿದರು, ಯಾಕೆ ಅಂತಲೂ ಹೇಳಿದ. ಮೇಟ್ರನ್ ಹಾಳೆಯ ಮೇಲೆ ಬರೆದರು. ನಾನು ನಿಂತಲ್ಲಿಂದಲೇ ಕಂಡಿತು, ಐವತ್ತಕ್ಕೆ ಐವತ್ತು. ನನ್ನ ಅಂಕ ಅದು. ನಾನು ಪಾಸು. ಬೆನ್ನು ಉಳೀತು ಅಂದುಕೊಂಡೆ, ದೇವರಾಣೆಗೂ ಬೇರೇನೂ ತಲೆಗೆ ಬರಲಿಲ್ಲ.

ಪ್ರೊಫೆಸರು ನಕ್ಷೆ ಬಿಡಿಸಿದರು. "ಈ ತಗಡು ಯಾಕೆ ಹಾಕಿದೆ?"

"ಸರ್, ವಾರ್ಡಲ್ಲಿ ಸಿಸ್ಟರ್‌ಗಳು ಈ ಚಕ್ರದ ಹಿಂದೆ ಕಾಲು ಕೊಡೋದನ್ನ ನೋಡಿದೆ. ನಮ್ಮ ಸಿಸ್ಟರನ್ನ ಕೇಳಿದೆ. ಅದು ತಪ್ಪು ಅಭ್ಯಾಸ ಅಂತ ಹೇಳಿಕೊಟ್ರು. ಹಾಗಾಗಿ ಕಾಲು ಹೋಗೋ ಜಾಗಾನೇ ಮುಚ್ಚಿದೆ. ಆಗ ಎಲ್ಲರೂ ಬ್ರೇಕ್ ಹಾಕಲೇಬೇಕಾಗುತ್ತೆ, ಯಾರಿಂದಾನೂ ತಪ್ಪಾಗಲ್ಲ ಅಂತ."

ಆ ತಗಡನ್ನ ಅವನು ಕೊಬ್ಬಿನಿಂದ ಹಾಕಿದ್ದಾನೆ ಅಂತ ನಾನು ಹತ್ತು ದಿನ ಹಲ್ಲು ಕಡಿದಿದ್ದೆ. ಅವನು ನನ್ನ ಮಾತನ್ನ ನಂಬಿ ಹಾಕಿದ್ದ. ನಾನು ಸಿಟ್ಟಿನಲ್ಲಿ ಉಗುಳಿದ ಒಂದು ಸುಳ್ಳನ್ನ ಅವನು ಪಾಠ ಅಂತ ಎತ್ತಿಕೊಂಡು, ಅಳತೆ ಹಾಕಿ, ತಗಡು ಕುಯ್ಸಿ, ಸಹಿ ಮಾಡಿದ್ದ. ನಮ್ಮ ಸಿಸ್ಟರ್ ಅಂತ ಬೇರೆ ಅಂದ.

ಪ್ರೊಫೆಸರು ಕನ್ನಡಕ ತೆಗೆದರು. "ಏನಯ್ಯಾ, ನಿನ್ನ ಕುರ್ಚಿಯಿಂದ ಇವತ್ತು ಒಬ್ಬ ಹುಡುಗಿ ಬಿದ್ದಳು. ಹೇಳಿಕೊಟ್ಟೋರು ಸರಿಯಾಗೇ ಹೇಳಿಕೊಟ್ಟಿದಾರೆ, ಹನ್ನೆರಡೂ ನಿನಗೆ ಬಾಯಿಪಾಠ ಇದೆ. ಅದರ ಜೊತೆ ಕುರ್ಚಿಯನ್ನೂ ಸರಿಮಾಡೋಕೆ ಆಗ್ಲಿಲ್ವಾ? ನರ್ಸುಗಳ ಕೆಲಸ ಅರ್ಥ ಮಾಡ್ಕೊಳ್ಳೋಕೆ ಎಷ್ಟು ಹೊತ್ತು ಬೇಕು? ಅರ್ಧ ದಿನ? ಕಾಲು ಕೊಡೋದು, ಕೈ ಕೊಡೋದು, ಅದರಲ್ಲಿ ಏನು ಮಹಾ ವಿದ್ಯೆ ಇದೆ? ನಕ್ಷೆಗೆ ನಿನ್ನ ಸಹಿ ಇದೆ, ನಿನ್ನನ್ನ ಪಾಸ್ ಮಾಡೋಕಾಗಲ್ಲ."

ಮಿಲಿಮೀಟರ್ ತಲೆ ತಗ್ಗಿಸಿದ.

ನಾನು ಸುಮ್ಮನಿದ್ದಿದ್ದರೆ ಅವತ್ತೇ ಎಲ್ಲ ಮುಗೀತಿತ್ತು. ನನ್ನನ್ನ ಯಾರೂ ಏನೂ ಕೇಳಿರಲಿಲ್ಲ. ನ್ಯಾಯ ಧರ್ಮ ಅಂತ ನಾನು ಬಾಯಿ ತೆರೆದೆ ಅಂದುಕೊಳ್ಳಬೇಡಿ, ಅಷ್ಟು ದೊಡ್ಡವಳಲ್ಲ ನಾನು. ಏನು ಮಹಾ ವಿದ್ಯೆ ಅಂದ ತಕ್ಷಣ ನನ್ನ ಪಿತ್ತ ನೆತ್ತಿಗೇರಿತು, ಅಷ್ಟೇ.

"ಸರ್, ಆ ಕಾಲಿನಲ್ಲಿ ನನ್ನ ಹನ್ನೊಂದು ವರ್ಷ ಇದೆ" ಅಂದೆ. "ಕುರ್ಚಿ ತಡೆಯೋಕೆ ಮಾತ್ರ ಅಲ್ಲ ಅದು. ರೋಗೀನ ಅಪ್ಪಿ ಹಿಡಿದಾಗ ನಮಗೆ ಹಿಂದೆ ಏನೂ ಕಾಣಲ್ಲ. ಸೀಟಿನ ಮೇಲೆ ತೂಕ ಬೀಳ್ತಿದ್ದ ಹಾಗೆ ಚಕ್ರ ಬಂದು ಪಾದಕ್ಕೆ ಒತ್ತುತ್ತೆ. ಎಷ್ಟು ಒತ್ತಿತು ಅನ್ನೋದರ ಮೇಲೆ ಕೈ ಸಡಿಲ ಬಿಡ್ತೀವಿ. ಕಣ್ಣಿನ ಕೆಲಸ ಪಾದ ಮಾಡುತ್ತೆ. ಅದು ಸೋಮಾರಿತನ ಅಲ್ಲ. ಇಡೀ ಕೆಲಸದಲ್ಲಿ ಇರೋ ವಿದ್ಯೆ ಅದೊಂದೇ."

ಮೇಟ್ರನ್ ತಮ್ಮ ಚಪ್ಪಲಿಯೊಳಗೆ ಬಲಗಾಲಿನ ಬೆರಳು ಆಡಿಸಿದರು. ಆಮೇಲೆ ಮೆತ್ತಗೆ ಕೇಳಿದರು, "ಮತ್ತೆ ಹುಡುಗನಿಗೆ ತಪ್ಪು ಅಂತ ಯಾಕಮ್ಮ ಹೇಳಿದೆ?"

ಅಲ್ಲಿಗೆ ನನ್ನ ಸಿಟ್ಟು ಕಾಲು ಮುರಕೊಂಡು ಬಿತ್ತು.

"ಬೇಕಂತಲೇ" ಅಂದೆ. "ಅವನು ನನ್ನ ಕೆಲಸಕ್ಕೆ ಅರ್ಧ ಗಂಟೆ ಸಾಕು ಅಂದಿದ್ದ. ಅದಕ್ಕೆ."

"ನಕ್ಷೆ ನೋಡಿದ್ದೆಯಾ?"

"ನೋಡಿದ್ದೆ. ಕಾಲು ಎಲ್ಲಿಡೋದು ಅಂತ ಅವತ್ತೇ ಗೊತ್ತಾಗಿತ್ತು. ಹೇಳಲಿಲ್ಲ."

ಮೇಟ್ರನ್ ಪೆನ್ನು ತೆಗೆದುಕೊಂಡು ಐವತ್ತನ್ನ ಹೊಡೆದು ಹಾಕಿದರು. "ಮುಚ್ಚಿಟ್ಟುಕೊಂಡು ಕಲಿಸಿದ್ದು ಕಲಿಸಿದ್ದಲ್ಲ" ಅಂದರು. ಸೊನ್ನೆ ಬರೆದರು. ಹುಡುಗನನ್ನ ಫೇಲ್ ಮಾಡೋದು ಬೇಡ, ಆರು ತಿಂಗಳಲ್ಲಿ ಕುರ್ಚಿ ಸರಿಮಾಡಿ ತರಲಿ ಅಂತ ಪ್ರೊಫೆಸರಿಗೆ ಹೇಳಿದರು. ನಾನೂ ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ಕೂರಬಹುದು, ಆದರೆ ಕಲಿಸಬೇಕಾದ್ದು ಅದೇ ಹುಡುಗನಿಗೇ. ಅವನು ಒಪ್ಪಿದರೆ ಮಾತ್ರ. ಅಲ್ಲಿಯ ತನಕ ನನಗೆ ವಾರ್ಡು.

ಹೊರಗೆ ಮೆಟ್ಟಿಲ ಹತ್ತಿರ ಮಿಲಿಮೀಟರ್ ನಿಂತಿದ್ದ. ಥ್ಯಾಂಕ್ಸ್ ಹೇಳ್ತಾನೆ ಅಂತ ನಾನೇನೂ ಕಾಯಲಿಲ್ಲ, ಆದರೂ ಒಂದು ಮೂಲೆಯಲ್ಲಿ ಕಾಯುತ್ತಿದ್ದೆನೋ ಏನೋ.

"ಅರ್ಧ ಗಂಟೆ ಅಂದಿದ್ದು ನನಗೆ ನೆನಪೇ ಇಲ್ಲ" ಅಂದ. "ಅಂದಿದ್ರೆ ತಪ್ಪು. ಬಯ್ಯಬಹುದಿತ್ತು, ಕೆನ್ನೆಗೆ ಎರಡು ಬಿಡಬಹುದಿತ್ತು. ನಾನು ನೀವು ಹೇಳಿದ ಒಂದೊಂದು ಮಾತನ್ನೂ ಬರಕೊಂಡೆ. ಮನೇಲಿ ಅಮ್ಮನ್ನ ಮಂಚದ ಮೇಲೆ ಮಲಗಿಸಿ ಅಭ್ಯಾಸ ಮಾಡಿದೆ. ನೀವು ಅದನ್ನೆಲ್ಲ ನೋಡ್ತಾ ಸುಮ್ನೆ ಕೂತಿದ್ರಿ."

ಅವನು ಇಳಿದು ಹೋದ. ದಾರದುಂಡೆ ನನ್ನ ಕಡೆ ನೋಡದೆ ಅವನ ಹಿಂದೆ ಹೋದಳು.

ವಾರ್ಡಿಗೆ ವಾಪಸ್ಸಾದೆ. ನಮ್ಮನೆಯವರು ಪಟ್ಟಿಯನ್ನ ಇನ್ನೊಂದು ತೂತು ಬಿಗಿ ಮಾಡಿದರು. ತರಬೇತಿ ಸಿಸ್ಟರ್ ಹುದ್ದೆಗೆ ಬೇರೆಯವಳನ್ನ ತಾತ್ಕಾಲಿಕವಾಗಿ ಹಾಕಿದರು. ನಾನು ದಿನಾ ಹದಿನಾಲ್ಕು ಜನರನ್ನ ಎತ್ತಿದೆ. ಮಿಲಿಮೀಟರ್ ಕಲಿಸಿದ ಹಾಗೆ ಎದೆಗೆ ಹತ್ತಿರ ಹಿಡಿದು ಎತ್ತುತ್ತಿದ್ದೆ, ಅದರಿಂದ ಸ್ವಲ್ಪ ತಡೀತು. ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತಾನೋ ಇಲ್ಲವೋ ಅಂತ ಮೂರು ವಾರ ಕಾದೆ. ಕ್ಷಮಿಸು ಅಂತ ಚೀಟಿ ಬರೆದು ದಾರದುಂಡೆಯ ಕೈಲಿ ಕಳಿಸಿದೆ. ತೆಗೆದು ನೋಡದೆ ವಾಪಸ್ ಕೊಟ್ಟನಂತೆ.

ನಾಲ್ಕನೇ ವಾರ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಕೈಲಿ ಹೊಸ ನೋಟ್‌ಬುಕ್ಕು.

"ಸಹಿ ಹಾಕಿದೀನಿ, ಮೇಡಂ" ಅಂದ. ಸಿಸ್ಟರ್ ಅನ್ನಲಿಲ್ಲ. "ನಿಮಗೋಸ್ಕರ ಅಲ್ಲ. ನನಗೆ ಕುರ್ಚಿ ಆಗಬೇಕು. ಪಾಠ ಶುರು ಮಾಡಿ."

ಮೂರನೇ ಮಂಚದ ಅಜ್ಜಿಯನ್ನ ಕೂರಿಸೋದಿತ್ತು. ನಾನು ನಿಧಾನಕ್ಕೆ ಮಾಡುತ್ತ ಹೇಳಿದೆ, "ಪಾದ ಪೂರ್ತಿ ಒಳಗೆ ಹೋಗಬಾರದು, ಬೆರಳಿನ ಬುಡದ ತನಕ ಮಾತ್ರ."

ಅವನು ಪೆನ್ನು ತೆರೆಯಲಿಲ್ಲ. ಎದುರು ಸಾಲಿನಲ್ಲಿ ಔಷಧಿ ಹಂಚುತ್ತಿದ್ದ ಚಿಕ್ಕ ಸಿಸ್ಟರ್ ಹತ್ತಿರ ಹೋದ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದ್ದ ಹುಡುಗಿ, ಅವಳಿಗೆ ಎತ್ತೋದು ಕಲಿಸಿದ್ದು ನಾನೇ. "ಸಿಸ್ಟರ್, ಪಾದ ಬೆರಳಿನ ಬುಡದ ತನಕ ಮಾತ್ರ ಹೋಗಬೇಕು ಅಂತಾರೆ. ನಿಜಾನಾ?" ಅಂತ ಕೇಳಿದ. ಅವಳು ನನ್ನ ಮುಖ ನೋಡಿ, ಹೌದು ಅಂದಳು. ಅವನು ವಾಪಸ್ ಬಂದು ಅದನ್ನ ಬರೆದುಕೊಂಡ.

"ಚಕ್ರ ಒತ್ತಿದ ತಕ್ಷಣ ಕೈ ಬಿಡಬಾರದು, ಎರಡು ಸಲ ಉಸಿರಾಡುವಷ್ಟು ಹೊತ್ತು ಕಾದು ಬಿಡಬೇಕು" ಅಂದೆ. ಮತ್ತೆ ಎದುರು ಸಾಲಿಗೆ ಹೋದ. ಮತ್ತೆ ಕೇಳಿದ. ಮತ್ತೆ ಬಂದು ಬರೆದ. ಒಂದು ಗಂಟೆಯಲ್ಲಿ ಒಂಬತ್ತು ಮಾತು ಹೇಳಿದೆ, ಒಂಬತ್ತು ಸಲ ಹೋಗಿ ಬಂದ. ಇಡೀ ವಾರ್ಡಿನ ರೋಗಿಗಳು ನೋಡುತ್ತಿದ್ದರು. ನನ್ನ ಮುಖ ಸುಡುತ್ತಿತ್ತು. ಬಾಯಿಗೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ನುಂಗಿದೆ, ಆ ಸಹಿ ಇಲ್ಲದೆ ನನಗೆ ಈ ಮಂಚಗಳಿಂದ ಬಿಡುಗಡೆ ಇಲ್ಲ.

ಹನ್ನೊಂದನೇ ಮಂಚದ ಹೆಂಗಸು ಭಾರ. ಅವರನ್ನ ಇಳಿಸಿ ನೆಟ್ಟಗಾಗುವ ಹೊತ್ತಿಗೆ ನಾನು ಮಂಚದ ಕಂಬಿ ಹಿಡಿದುಕೊಂಡು ಹಾಗೇ ಬಾಗಿ ನಿಂತುಬಿಟ್ಟೆ.

"ಯಾಕೆ ಓರೆಯಾಗಿ ನಿಂತ್ರಿ? ಇದೂ ಪದ್ಧತಿನಾ?" ಅಂತ ಕೇಳಿದ.

"ಇಲ್ಲಪ್ಪ. ಬೆನ್ನು ಹೋಗಿದೆ. ತುಂಬ ನೋಯ್ತಿದೆ" ಅಂದೆ. ಒಂದು ವರ್ಷದಲ್ಲಿ ಅವನಿಗೆ ನಾನು ಒಳಗಿನಿಂದ ಹೇಳಿದ ಮಾತು ಅದೊಂದೇ. ಹೇಳುವಾಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳೋಕೆ ಕೈ ಬಿಡೋ ಹಾಗಿರಲಿಲ್ಲ.

ಅವನು ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ಮುಚ್ಚಿ, ಎದುರು ಸಾಲಿಗೆ ನಡೆದು ಹೋಗಿ ಚಿಕ್ಕ ಸಿಸ್ಟರನ್ನ ಕೇಳಿದ, "ಬೆನ್ನು ನೋಯ್ತಿದೆ ಅಂತಿದಾರೆ. ಇದು ನಿಜಾನಾ?"